ಡ್ರೈಯರ್ ತಪ್ಪು ತೋರಿಸಿದರೆ ಮೊದಲು ಸೆನ್ಸರ್ ನೋಡಿ, ಬೋರ್ಡ್ ಆಮೇಲೆ

ಈ ಸಲದ ಟಿಪ್ಪಣಿ ಉದ್ದ ಇದೆ, ಪುರುಸೊತ್ತಾದಾಗ ಓದಿ. ಯಾಲಕ್ಕಿ, ಜಾಯಿಕಾಯಿ, ಕಾಳುಮೆಣಸು ಬೆಳೆಯುವವರು, ಮನೇಲಿ ಕರೆಂಟ್ ಡ್ರೈಯರ್ ಇಟ್ಟುಕೊಂಡವರು, ಅಥವಾ ನಮ್ಮ ಊರಿನ ಸಂಘದಿಂದ ಎಲ್ಲರೂ ಸೇರಿ ಒಂದು ದೊಡ್ಡದನ್ನು ತರುವ ಮಾತಿಗೆ ತಲೆ ಹಾಕಿದವರು ಮಾತ್ರ ಓದಿದರೆ ಸಾಕು. ಬರೀ ಅಡಿಕೆ ಇದ್ದು ಬಿಸಿಲಲ್ಲೇ ಚಾಲಿ ಮಾಡುವವರಿಗೆ ಇದರಲ್ಲಿ ಹೆಚ್ಚೇನೂ ಇಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ನಮ್ಮ ಸೀಮೆಯಲ್ಲಿ ಡ್ರೈಯರ್ ಕೆಟ್ಟಿತು ಅಂತ ಬದಲಾಯಿಸಿದ ಡಿಸ್‌ಪ್ಲೇ ಬೋರ್ಡುಗಳಲ್ಲಿ ಬಹಳಷ್ಟು ಕೆಟ್ಟೇ ಇರಲಿಲ್ಲ. ಕೆಟ್ಟದ್ದು ಒಳಗಿನ ಬೆರಳುದ್ದದ ಕಡ್ಡಿ, ಅದೇ ಸೆನ್ಸರ್. ಅಥವಾ ಅದರಿಂದ ಬೋರ್ಡಿಗೆ ಬರುವ ತಂತಿ. ಬೋರ್ಡಿಗೆ ಸಾವಿರಗಟ್ಟಲೆ, ಸೆನ್ಸರಿಗೆ ನೂರರ ಲೆಕ್ಕ. ದುಡ್ಡು ಹೋದದ್ದು ಒಂದು ಕಡೆಯಾದರೆ, ಬೋರ್ಡ್ ಬದಲಿಸಿ "ಸರಿಯಾಯ್ತು" ಅಂದುಕೊಂಡು ಮತ್ತೊಂದು ಒಡ್ಡು ಮಾಲು ಒಳಗೆ ಹಾಕ್ತೇವಲ್ಲ, ನಿಜವಾದ ನಷ್ಟ ಅಲ್ಲಿರೋದು.

ಡ್ರೈಯರಿನ ಹೀಟರಿಗೆ ಬುದ್ಧಿ ಇಲ್ಲ, ಬ್ಲೋವರಿಗೆ ಇಲ್ಲ, ಬೋರ್ಡಿಗೂ ಅಷ್ಟಕ್ಕಷ್ಟೇ. ಬೋರ್ಡ್ ಕತ್ತಲೆ ಕೋಣೆಯಲ್ಲಿ ಕೂತ ಯಜಮಾನನ ಹಾಗೆ. ಹೊರಗೆ ಏನಾಗ್ತಿದೆ ಅಂತ ಅವನಿಗೆ ಬಂದು ಹೇಳುವ ಆಳು ಒಬ್ಬನೇ, ಸೆನ್ಸರ್. ಆಳು "ಇನ್ನೂ 40 ಡಿಗ್ರಿ" ಅಂದರೆ ಯಜಮಾನ ಬೆಂಕಿ ಹಾಕಿಸ್ತಾ ಹೋಗ್ತಾನೆ, ಒಳಗೆ ನಿಜವಾಗಿ 60 ಆಗಿದ್ದರೂ. ಡಿಸ್‌ಪ್ಲೇಯಲ್ಲಿ ಕೆಂಪು ಅಕ್ಷರದಲ್ಲಿ ಒಂದು ಅಂಕಿ ಬಂತು ಅಂದರೆ ನಮಗೆ ಅದು ವೇದವಾಕ್ಯ. ಅದು ಸೆನ್ಸರ್ ಹೇಳಿದ ಸುದ್ದಿ ಅಷ್ಟೇ, ನಿಮ್ಮ ಯಾಲಕ್ಕಿಯ ಬಿಸಿ ಅಲ್ಲ.

ಕಳೆದ ಹಂಗಾಮಿನಲ್ಲಿ ಮೇಲಿನಕೇರಿ ಭಾವನ ಮನೆಯಲ್ಲಿ ಆದದ್ದನ್ನು ಅವರ ಒಪ್ಪಿಗೆ ಪಡೆದೇ ಬರೀತಾ ಇದ್ದೇನೆ. ಸುಮಾರು 40 ಕಿಲೋ ಹಸಿ ಯಾಲಕ್ಕಿ. ಒಣಗಿದರೆ ಐದಕ್ಕೊಂದು ಲೆಕ್ಕದಲ್ಲಿ 8 ಕಿಲೋ ಆಸುಪಾಸು. ಮಷೀನು 48ಕ್ಕೆ ಸೆಟ್. ಡಿಸ್‌ಪ್ಲೇ ರಾತ್ರಿಯಿಡೀ 47, 48, 49 ಅಂತ ಸಭ್ಯವಾಗಿ ತೋರಿಸಿದೆ. ಬೆಳಿಗ್ಗೆ ಟ್ರೇ ಎಳೆದರೆ ಹಸಿರು ಬಣ್ಣ ಇಲ್ಲ, ಹಳದಿಗೂ ಕಂದಿಗೂ ನಡುವಿನ ಬಣ್ಣ, ಸಿಪ್ಪೆ ಬಿರಿದು ಬೀಜ ಕಾಣ್ತಾ ಇತ್ತು. ವ್ಯಾಪಾರಿ ಕೈಯಲ್ಲಿ ಹಿಡಿದು ನೋಡಿ ಮೂತಿ ತಿರುಗಿಸಿದ. ಕಳಪೆ ಮಾಲಿನ ದರಕ್ಕೆ ಹೋಯ್ತು.

ಸರ್ವಿಸ್‌ನವರು ಬಂದರು. ಸೆನ್ಸರನ್ನು ಬಿಚ್ಚಿ ತುದಿಯನ್ನು ಕುದಿಯುವ ನೀರಿಗೆ ಹಿಡಿದು ನೋಡಿದರು. 98 ತೋರಿಸಿತು. "ಸೆನ್ಸರ್ ಸರಿ ಇದೆ, ಬೋರ್ಡೇ ಹೋಗಿದೆ" ಅಂದರು. ಹೊಸ ಬೋರ್ಡ್ ಹಾಕಿದರು. ಮುಂದಿನ ಒಡ್ಡು ಕೂಡ ಹಾಗೇ ಆಯ್ತು. ಮತ್ತೊಬ್ಬರನ್ನು ಕರೆಸಿದರು, ಅವರೂ ನೀರಿನಲ್ಲಿ ಅದೇ ಪರೀಕ್ಷೆ ಮಾಡಿ, ಎರಡನೆಯ ಬೋರ್ಡ್ ಹಾಕಿದರು. ಅದೂ ಅಷ್ಟೇ.

ಭಾವ ನನ್ನನ್ನು ಕರೆದದ್ದು ಆಮೇಲೆ. ನಾನು ಮೊದಲು ಒಂದು ಗಾಜಿನ ಥರ್ಮಾಮೀಟರನ್ನು ಸೆನ್ಸರಿನ ತುದಿಗೆ ತಾಗಿಸಿ ಕಟ್ಟಿ, ಖಾಲಿ ಡ್ರೈಯರನ್ನು ಒಂದು ತಾಸು ಓಡಿಸಿದೆ. ಡಿಸ್‌ಪ್ಲೇ 48, ಗಾಜಿನದ್ದು 63. ಹದಿನೈದು ಡಿಗ್ರಿ ವ್ಯತ್ಯಾಸ! ಆದರೆ ತಣ್ಣಗಿದ್ದಾಗ ಎರಡೂ 27. ಅಂದರೆ ಮಷೀನು ಬಿಸಿಯಾದಾಗ ಮಾತ್ರ ಸುಳ್ಳು.

ತಂತಿಯ ಜಾಡು ಹಿಡಿದು ಹೋದರೆ ಗುಟ್ಟು ಬಯಲಾಯ್ತು. ಮಳೆಗಾಲದಲ್ಲಿ ಇಲಿ ಸೆನ್ಸರ್ ತಂತಿ ಕಡಿದಿದೆ. ಮನೆಯ ಹುಡುಗ ವೈರಿಂಗಿಗೆ ತಂದು ಉಳಿದ ತಾಮ್ರದ ತಂತಿಯನ್ನು ನಡುವೆ ಸೇರಿಸಿ, ತಿರುಚಿ, ಟೇಪು ಸುತ್ತಿದ್ದಾನೆ. ಕೆಲಸ ಅಚ್ಚುಕಟ್ಟಾಗಿಯೇ ಇತ್ತು, ಬೈಯುವ ಹಾಗಿರಲಿಲ್ಲ. ಬಲ್ಬಿನ ತಂತಿಯಾದರೆ ಅದು ಸರಿಯೇ. ಆದರೆ ಆ ಸೆನ್ಸರ್ ಥರ್ಮೋಕಪಲ್, ಅದರಲ್ಲೂ ಕೆ ಟೈಪು. ಎರಡು ಬೇರೆ ಬೇರೆ ಲೋಹದ ತಂತಿ ತುದಿಯಲ್ಲಿ ಕೂಡಿರ್ತದೆ. ಒಂದು ತುದಿ ಬಿಸಿ, ಇನ್ನೊಂದು ತುದಿ ತಣ್ಣಗೆ ಇದ್ದರೆ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಲೆಕ್ಕದಲ್ಲಿ ಚೂರು ಕರೆಂಟಿನ ಒತ್ತಡ ಹುಟ್ಟುತ್ತದೆ. ಬೋರ್ಡ್ ಅದನ್ನು ಅಳೆದು, ತನ್ನ ಬಳಿಯ ಬಿಸಿಯನ್ನು ಕೂಡಿಸಿ ಅಂಕಿ ತೋರಿಸ್ತದೆ. ನಡುವೆ ತಾಮ್ರ ಬಂದರೆ ಆ ಗಂಟಿನಿಂದ ಬೋರ್ಡಿನವರೆಗಿನ ಬಿಸಿಯ ವ್ಯತ್ಯಾಸ ಲೆಕ್ಕದಿಂದ ಬಿಟ್ಟೇ ಹೋಗ್ತದೆ. ಗಂಟು ಇದ್ದದ್ದು ಬಿಸಿಗಾಳಿ ಹೋಗುವ ತಗಡಿನ ಮೇಲೆ. ಅಲ್ಲಿ 42 ಡಿಗ್ರಿ, ಬೋರ್ಡಿನ ಹತ್ತಿರ 27. ಕಳೆದರೆ 15. ಅದೇ ಹದಿನೈದು!

ಕುದಿಯುವ ನೀರಿನಲ್ಲಿ ಯಾಕೆ ಸಿಕ್ಕಿಬೀಳಲಿಲ್ಲ? ಆಗ ಮಷೀನು ತಣ್ಣಗಿತ್ತು. ಗಂಟೂ 27, ಬೋರ್ಡೂ 27. ಬಿಟ್ಟುಹೋಗಲಿಕ್ಕೆ ವ್ಯತ್ಯಾಸವೇ ಇರಲಿಲ್ಲ. ಹಾಗಾಗಿ ಎರಡು ಸಲ ಪರೀಕ್ಷೆಯಲ್ಲಿ ಪಾಸಾದ ಸೆನ್ಸರು ಎರಡು ಒಡ್ಡು ಯಾಲಕ್ಕಿ ತಿಂದಿತು, ಎರಡು ಬೋರ್ಡನ್ನೂ ನುಂಗಿತು. ಪೂರ್ತಿ ಉದ್ದದ ಹೊಸ ಕೆ ಟೈಪ್ ಸೆನ್ಸರ್ ಹಾಕಿದ ಮೇಲೆ ಹಳೆಯ ಮೊದಲನೇ ಬೋರ್ಡನ್ನೇ ವಾಪಸ್ ಕೂರಿಸಿದೆವು. ಇವತ್ತಿಗೂ ಅದೇ ಓಡ್ತಾ ಇದೆ.

ಸರ್ವಿಸ್‌ನವರನ್ನು ದೂರಲಿಕ್ಕೆ ಇದನ್ನು ಬರೆದದ್ದಲ್ಲ. ದಿನಕ್ಕೆ ನಾಲ್ಕು ಊರು ತಿರುಗುವವರಿಗೆ ಒಂದು ತಾಸು ಮಷೀನು ಕಾಯಿಸಿ ನೋಡುವ ಪುರುಸೊತ್ತು ಇರೋದಿಲ್ಲ. ಬೋರ್ಡ್ ಬದಲಿಸೋದು ಹತ್ತು ನಿಮಿಷದ ಕೆಲಸ. ಪುರುಸೊತ್ತು ಇರೋದು ನಮಗೆ, ಮಾಲು ಹೋಗೋದೂ ನಮ್ಮದೇ. ಹಾಗಾಗಿ ಮೊದಲ ಪರೀಕ್ಷೆ ನಾವೇ ಮಾಡಿಕೊಳ್ಳಬೇಕು ಅನ್ನೋದು ನನ್ನ ವಾದ. "ಅದೆಲ್ಲ ಎಲೆಕ್ಟ್ರಾನಿಕ್ಸು, ನಮಗ್ಯಾಕೆ ಮಾರಾಯ್ರೆ" ಅನ್ನುವವರೇ ಮೋಟಾರು ಪಂಪಿನ ಸ್ಟಾರ್ಟರ್ ಬಿಚ್ಚಿ ಕಾಂಟ್ಯಾಕ್ಟ್ ಉಜ್ಜುವುದನ್ನು ನಾನು ನೋಡಿದ್ದೇನೆ. ಅದಕ್ಕಿಂತ ಇದು ಸುಲಭ, ಅಪಾಯವೂ ಕಡಿಮೆ. ಒಂದೇ ಒಂದು ಕರಾರು: ಪೆಟ್ಟಿಗೆಯ ಮುಚ್ಚಳ ತೆಗೆಯುವ ಮೊದಲು ಎಂಸಿಬಿ ಇಳಿಸಿ, ಟೆಸ್ಟರ್ ಇಟ್ಟು ಖಾತ್ರಿ ಮಾಡಿಕೊಳ್ಳಿ. ಒಳಗೆ 230 ವೋಲ್ಟ್ ಬರುವ ಸ್ಕ್ರೂ, ಸೆನ್ಸರಿನ ಸ್ಕ್ರೂ ಎರಡೂ ಒಂದೇ ಸಾಲಿನಲ್ಲಿ ಇರ್ತವೆ.

ಮೊದಲು ಕಣ್ಣಿನ ಕೆಲಸ. ಸೆನ್ಸರಿನ ಕಡ್ಡಿ ತನ್ನ ತೂತಿನಲ್ಲಿ ಇದೆಯಾ? ನಗಬೇಡಿ. ಟ್ರೇ ಎಳೆಯುವಾಗ ತಂತಿ ಸಿಕ್ಕಿ ಕಡ್ಡಿ ಹೊರಗೆ ನೇತಾಡೋದು ನಾನು ಎರಡು ಮನೆಯಲ್ಲಿ ಕಂಡಿದ್ದೇನೆ. ಹೊರಗಿನ ತಂಪು ಗಾಳಿ ಕುಡಿಯುತ್ತಾ ಅದು 28 ಅಂತ ಹೇಳ್ತಾನೇ ಇರ್ತದೆ, ಒಳಗೆ ಹೀಟರು ಆಫ್ ಆಗುವುದೇ ಇಲ್ಲ. ಇದು ಮಾಲಿನ ಪ್ರಶ್ನೆ ಅಲ್ಲ, ಮನೆ ಸುಡುವ ಪ್ರಶ್ನೆ. ಆಮೇಲೆ ಕಡ್ಡಿಯ ಮೇಲೆ ಏನು ಕೂತಿದೆ ನೋಡಿ. ಧೂಳು, ಎಣ್ಣೆ ಜಿಡ್ಡು, ಅಡಿಕೆ ಒಣಗಿಸಿದ್ದರೆ ಒಗರಿನ ಪದರ. ಇದು ಸೆನ್ಸರಿನ ಅಂಕಿ ಕೆಡಿಸುವುದಕ್ಕಿಂತ ಅದನ್ನು ನಿಧಾನ ಮಾಡ್ತದೆ. ಗಾಳಿ ಬಿಸಿಯಾಗಿ ಎಷ್ಟೋ ಹೊತ್ತಿನ ಮೇಲೆ ಅದಕ್ಕೆ ಗೊತ್ತಾಗ್ತದೆ, ಅಷ್ಟರಲ್ಲಿ ಹೀಟರು ಹದ ಮೀರಿರ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕಂಟ್ರೋಲ್ ಪೆಟ್ಟಿಗೆಯೊಳಗೆ ಇರುವೆ ಗೂಡು ಇದ್ದರೆ ತೆಗೀರಿ. ತೋಟದ ಮನೆಯ ಯಾವ ಪೆಟ್ಟಿಗೆಯನ್ನೂ ಇರುವೆ ಬಿಡೋದಿಲ್ಲ.

ನಂತರ ನಿಮ್ಮ ಸೆನ್ಸರಿನ ಜಾತಿ ಯಾವುದು ಅಂತ ತಿಳಿಯಬೇಕು. ಇಲ್ಲೇ ಎಲ್ಲರೂ ಎಡವೋದು, ಯಾಕಂದರೆ ಮಷೀನಿನ ಮೇಲೆ ಬರೆದಿರೋದಿಲ್ಲ. ನಮ್ಮ ಸುತ್ತಿನ ಡ್ರೈಯರುಗಳಲ್ಲಿ ನಾನು ಕಂಡದ್ದು ಮೂರು ಜಾತಿ.

ಮೂರು ತಂತಿ ಬಂದಿದ್ದರೆ, ಎರಡು ಕೆಂಪು ಒಂದು ಬಿಳಿ ಇದ್ದರೆ, ಅದು ಹೆಚ್ಚಾಗಿ ಪಿಟಿ 100. ಹೆಸರಲ್ಲೇ ಲೆಕ್ಕ ಇದೆ: ಸೊನ್ನೆ ಡಿಗ್ರಿಯಲ್ಲಿ 100 ಓಮ್, ಆಮೇಲೆ ಡಿಗ್ರಿಗೆ ಸುಮಾರು 0.385 ಓಮ್ ಏರ್ತದೆ. ಬೋರ್ಡಿನಿಂದ ಬಿಚ್ಚಿ ಮಲ್ಟಿಮೀಟರಿನ 200 ಓಮ್ ಸ್ಥಾನದಲ್ಲಿ ನೋಡಿ. ಕೆಂಪಿಗೂ ಕೆಂಪಿಗೂ ಸೊನ್ನೆಯ ಹತ್ತಿರ, ಕೆಂಪಿಗೂ ಬಿಳಿಗೂ 27 ಡಿಗ್ರಿಯ ಕೋಣೆಯಲ್ಲಿ 110 ಚಿಲ್ಲರೆ. ಮೀಟರಿನ ಎರಡು ಕಡ್ಡಿ ತಾಗಿಸಿದಾಗ ಬರುವ 0.3, 0.4 ಕಳೆಯಲು ಮರೀಬೇಡಿ, ಅಷ್ಟೇ ಒಂದು ಡಿಗ್ರಿ ಆಗ್ತದೆ. ಮೀಟರು 1 ತೋರಿಸಿ ನಿಂತರೆ ಒಳಗೆ ತುಂಡಾಗಿದೆ. ತಂತಿ ಅಲುಗಾಡಿಸಿದಾಗ ಅಂಕಿ ಕುಣಿದರೆ ಅರ್ಧ ತುಂಡಾಗಿದೆ, ಇದು ಇನ್ನೂ ಕೆಟ್ಟದ್ದು. ಎರಡೇ ತಂತಿಯ ಪಿಟಿ 100 ಆದರೆ ಒಂದು ಸ್ಕ್ರೂ ಸಡಿಲಾಗಿ, ತುಕ್ಕು ಹಿಡಿದು ಒಂದು ಓಮ್ ಹೆಚ್ಚಾದರೂ ಡಿಸ್‌ಪ್ಲೇ ಎರಡೂವರೆ ಡಿಗ್ರಿ ಜಾಸ್ತಿ ಓದ್ತದೆ. ಎರಡು ಓಮ್ ಅಂದರೆ ಐದು ಡಿಗ್ರಿ. ಆಗ ಒಳಗೆ ನಿಜವಾಗಿ ಬಿಸಿ ಕಡಿಮೆ. ಕಾಳುಮೆಣಸು ಒಣಗಿತು ಅಂದುಕೊಂಡು ಚೀಲಕ್ಕೆ ತುಂಬ್ತೀರಿ, ತಿಂಗಳು ಕಳೆದು ಬಾಯಿ ಬಿಚ್ಚಿದರೆ ಬೂಸ್ಟು. ಮೂರು ತಂತಿಯದ್ದರಲ್ಲಿ ಯಾವ ಸ್ಕ್ರೂ ಸಡಿಲ ಅನ್ನುವುದರ ಮೇಲೆ ಹೆಚ್ಚೋ ಕಡಿಮೆಯೋ ಓದ್ತದೆ, ಹಾಗಾಗಿ ಮೂರನ್ನೂ ಬಿಗಿ ಮಾಡಿ.

ನಮ್ಮ ಮಲೆನಾಡಿಗೇ ವಿಶೇಷವಾದ ರೋಗ ಒಂದಿದೆ. ನಾಲ್ಕು ತಿಂಗಳು ಮಳೆಯಲ್ಲಿ ಸುಮ್ಮನೆ ಕೂತ ಸೆನ್ಸರಿನ ಕಡ್ಡಿಯೊಳಗೆ ತೇವ ಸೇರ್ತದೆ. ಆಗ ಪಿಟಿ 100 ಕಡಿಮೆ ಓದ್ತದೆ, ಅಂದರೆ ಮಷೀನು ಹೆಚ್ಚು ಕಾಯಿಸ್ತದೆ. ಎರಡು ಮೂರು ತಾಸು ಬಿಸಿಯಲ್ಲಿದ್ದ ಮೇಲೆ ತೇವ ಆರಿ ತಾನಾಗಿ ಸರಿಯಾಗಲೂಬಹುದು. "ಮೊದಲ ಒಡ್ಡು ಮಾತ್ರ ಯಾವಾಗಲೂ ಸುಡ್ತದೆ, ಆಮೇಲೆ ಸರಿ ಹೋಗ್ತದೆ" ಅಂತ ಹೇಳುವವರು ನಮ್ಮಲ್ಲಿ ಇದ್ದಾರಲ್ಲ, ಅವರು ಇದನ್ನೊಮ್ಮೆ ನೋಡಿಕೊಳ್ಳಲಿ. ಹಂಗಾಮು ಶುರುವಾಗುವ ಮೊದಲು ಒಂದು ದಿನ ಖಾಲಿ ಓಡಿಸೋದಕ್ಕೆ ಆಗುವ ಕರೆಂಟಿನ ಖರ್ಚು ಯಾಲಕ್ಕಿಯ ಮುಂದೆ ಏನೂ ಅಲ್ಲ.

ಎರಡು ತಂತಿ ಇದ್ದು, ಬಿಚ್ಚಿ ನೋಡಿದಾಗ ಮೀಟರು ಕೆಲವೇ ಓಮ್ ತೋರಿಸಿದರೆ ಅದು ಥರ್ಮೋಕಪಲ್. ಇದಕ್ಕೆ ಓಮ್ ಲೆಕ್ಕ ಉಪಯೋಗ ಇಲ್ಲ, ತುಂಡಾಗಿದೆಯೋ ಇಲ್ಲವೋ ಅಷ್ಟೇ ತಿಳೀತದೆ. ಆದರೆ ಬೋರ್ಡನ್ನು ಪರೀಕ್ಷಿಸಲಿಕ್ಕೆ ಇದರಲ್ಲಿ ಚಂದದ ಉಪಾಯ ಇದೆ. ಸೆನ್ಸರ್ ಬಿಚ್ಚಿ, ಬೋರ್ಡಿನ ಆ ಎರಡು ಸ್ಕ್ರೂಗಳ ನಡುವೆ ಗಿಡ್ಡ ತಂತಿ ಒಂದನ್ನು ಸೇರಿಸಿ, ಮುಚ್ಚಳ ಹಾಕಿ ಕರೆಂಟ್ ಕೊಡಿ. ಡಿಸ್‌ಪ್ಲೇ ಕೋಣೆಯ ಬಿಸಿ ತೋರಿಸಿದರೆ ಬೋರ್ಡ್ ಜೀವಂತ ಇದೆ, ಅಳೆಯುವ ಬುದ್ಧಿಯೂ ಇದೆ. ನೋಡಿದ ಕೂಡಲೇ ಆಫ್ ಮಾಡಿ, ಯಾಕಂದರೆ ಆ ಹೊತ್ತಿಗೆ ಅದು ಹೀಟರನ್ನು ಓಡಿಸ್ತಾ ಇರ್ತದೆ. ಭಾವನ ಮನೆಯ ಎರಡೂ ಹೊಸ ಬೋರ್ಡು, ಹಳೆಯದು, ಮೂರೂ ಈ ಪರೀಕ್ಷೆಯಲ್ಲಿ 27 ತೋರಿಸಿದವು. ಎರಡು ನಿಮಿಷದ ಕೆಲಸ.

ತಂತಿ ಉಲ್ಟಾ ಆದರೆ ಬಿಸಿ ಮಾಡಿದಾಗ ಅಂಕಿ ಇಳಿಯುತ್ತಾ ಹೋಗ್ತದೆ. ಕೆಂಪು ಅಂದರೆ ಪ್ಲಸ್ ಅಂತ ನಾವೆಲ್ಲ ಕಲಿತದ್ದು. ಆದರೆ ಅಮೆರಿಕದ ಬಣ್ಣದ ಕ್ರಮದಲ್ಲಿ ಬರುವ ಕೆ ಟೈಪಿನಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ಪೇಟೆಯಲ್ಲಿ ಸಿಗುವುದರಲ್ಲಿ ಎಲ್ಲ ಬಣ್ಣವೂ ಕಲಸಿಹೋಗಿದೆ. ಬಣ್ಣ ನಂಬಬೇಡಿ, ತುದಿಯನ್ನು ಬೆರಳಲ್ಲಿ ಹಿಡಿದು ಅಂಕಿ ಏರ್ತದಾ ಇಳೀತದಾ ನೋಡಿ.

ಬೋರ್ಡಿನಲ್ಲಿ ಸೆನ್ಸರಿನ ಜಾತಿ ಆರಿಸುವ ಸೆಟ್ಟಿಂಗ್ ಇದ್ದರೆ ಅದನ್ನೂ ನೋಡಿಕೊಳ್ಳಿ. ಕೆ ಟೈಪ್ ಸೆನ್ಸರ್ ಹಾಕಿ ಸೆಟ್ಟಿಂಗ್ ಜೆ ಅಂತ ಇದ್ದರೆ ಒಳಗೆ 60 ಆದಾಗ ಅದು 53 ಅಂತ ಓದ್ತದೆ. ಪೂರ್ತಿ ಹಾಳಾಗಿದ್ದರೆ ಗೊತ್ತಾದರೂ ಆಗ್ತಿತ್ತು. ಏಳು ಡಿಗ್ರಿ ಅಂದರೆ ವರ್ಷಗಟ್ಟಲೆ ಯಾರಿಗೂ ಗೊತ್ತಾಗೋದಿಲ್ಲ, "ನಮ್ಮ ಯಾಲಕ್ಕಿಗೆ ಬಣ್ಣವೇ ಬರೋದಿಲ್ಲ, ಮಣ್ಣಿನ ಗುಣ" ಅಂತ ಮಣ್ಣಿನ ಮೇಲೆ ಹಾಕಿ ಸುಮ್ಮನಾಗ್ತೇವೆ.

ಮೂರನೆಯದು ಚಿಕ್ಕ ಕಪ್ಪು ಅಥವಾ ಉಕ್ಕಿನ ಟೊಪ್ಪಿಗೆಯ ಎರಡು ತಂತಿಯದ್ದು, ಕಡಿಮೆ ಬೆಲೆಯ ಮಷೀನುಗಳಲ್ಲಿ. ಮೀಟರಿನಲ್ಲಿ 10 ಸಾವಿರ ಓಮ್ ಆಸುಪಾಸು ತೋರಿಸ್ತದೆ. ಇದು ಎನ್‌ಟಿಸಿ. 25 ಡಿಗ್ರಿಯಲ್ಲಿ 10,000, ಬಿಸಿಯಾದಷ್ಟೂ ಓಮ್ ಇಳೀತದೆ, 50 ಡಿಗ್ರಿಗೆ ಮೂರೂವರೆಯಿಂದ ನಾಲ್ಕು ಸಾವಿರ. ಇಲ್ಲಿ ಒಂದು ಅಪಾಯ ಇದೆ. ತಂತಿ ತುಂಡಾದರೆ ಓಮ್ ಅನಂತ, ಅಂದರೆ ಬೋರ್ಡಿನ ಲೆಕ್ಕದಲ್ಲಿ ಒಳಗೆ ಹಿಮಾಲಯ. ಒಳ್ಳೆಯ ಬೋರ್ಡ್ ಆದರೆ ತಪ್ಪು ಅಂತ ಹೇಳಿ ಹೀಟರ್ ನಿಲ್ಲಿಸ್ತದೆ. ಅಗ್ಗದ್ದು ಕೆಲವು ಚಳಿಯಾಗ್ತಿದೆ ಅಂದುಕೊಂಡು ಕಾಯಿಸ್ತಾ ಹೋಗ್ತವೆ. ನಿಮ್ಮದು ಯಾವ ಜಾತಿ ಅಂತ ಹಗಲು ಹೊತ್ತಿನಲ್ಲಿ, ಎದುರಿಗೆ ನಿಂತು, ಸೆನ್ಸರ್ ಬಿಚ್ಚಿ ಒಮ್ಮೆ ನೋಡಿಯೇ ಬಿಡಿ. ಹೀಟರ್ ನಿಲ್ಲದಿದ್ದರೆ ಆ ಮಷೀನನ್ನು ರಾತ್ರಿ ಓಡಿಸಿ ಮಲಗಬೇಡಿ.

ಇನ್ನು ಥರ್ಮಾಮೀಟರಿನ ಮಾತು. ಪ್ರಯೋಗಶಾಲೆಗೆ ಸಾಮಾನು ಮಾರುವ ಅಂಗಡಿಯಲ್ಲಿ 110 ಡಿಗ್ರಿಯವರೆಗಿನದ್ದು ಸಿಗ್ತದೆ. ಪಾದರಸದ್ದು ಬೇಡ, ಒಡೆದರೆ ತಿನ್ನುವ ಮಾಲಿಗೆ ವಿಷ. ಕೆಂಪು ಸ್ಪಿರಿಟಿನದ್ದು ತನ್ನಿ. ಜ್ವರ ನೋಡುವುದನ್ನು ಒಳಗೆ ಇಟ್ಟವರೂ ಇದ್ದಾರೆ, ಅದು 42ಕ್ಕೆ ಮುಗೀತು. ಕೋವಿಡ್ ಕಾಲದ ಪಿಸ್ತೂಲು, ಹಣೆಗೆ ಹಿಡಿಯುತ್ತಿದ್ದದ್ದು, ಅದೂ ಬೇಡ. ಇಂಥ ಪಿಸ್ತೂಲುಗಳು ಹೊಳೆಯುವ ಸ್ಟೀಲಿನ ಮೇಲೆ ನಿಜಕ್ಕಿಂತ ಎಷ್ಟೋ ಕಡಿಮೆ ತೋರಿಸ್ತವೆ. ಹೊಸ ಥರ್ಮಾಮೀಟರನ್ನೂ ಕಣ್ಣು ಮುಚ್ಚಿ ನಂಬಬೇಡಿ. ಪುಡಿ ಮಾಡಿದ ಮಂಜುಗಡ್ಡೆಗೆ ಚೂರು ನೀರು ಹಾಕಿ ಕಲಸಿ ಅದರಲ್ಲಿಟ್ಟರೆ ಸೊನ್ನೆ ಬರಬೇಕು. ಕುದಿಯುವ ನೀರಿನಲ್ಲಿ ಕರಾವಳಿಯವರಿಗೆ 100, ನಮ್ಮ ಶಿರಸಿ ಸಿದ್ದಾಪುರದ ಕಡೆ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ 98. ಮಡಿಕೇರಿ ಕಡೆಯ ನೆಂಟರು 96ರ ಸುತ್ತಮುತ್ತ ಬಂದರೆ ಗಾಬರಿ ಆಗೋದು ಬೇಡ, ನೀರು ಅಲ್ಲಿ ಅಷ್ಟಕ್ಕೇ ಕುದೀತದೆ.

ಹೋಲಿಸಿ ನೋಡುವಾಗ ಡ್ರೈಯರ್ ಖಾಲಿ ಇರಬೇಕು, ಬ್ಲೋವರ್ ಓಡ್ತಾ ಇರಬೇಕು, ಅಂಕಿ ನಿಂತು ಅರ್ಧ ತಾಸಾಗಿರಬೇಕು. ಹಸಿ ಮಾಲು ತುಂಬಿ ನೋಡಿದರೆ ಟ್ರೇಯ ನಡುವೆ ಹತ್ತು ಡಿಗ್ರಿ ಕಡಿಮೆ ಇದ್ದರೂ ಅದು ಸೆನ್ಸರಿನ ತಪ್ಪಲ್ಲ, ನೀರು ಆವಿಯಾಗುವಾಗ ತಂಪು ಮಾಡ್ತದೆ. ಎರಡು ಮೂರು ಡಿಗ್ರಿ ವ್ಯತ್ಯಾಸ ಬಂದರೆ ಸೆಟ್ಟಿಂಗನ್ನೇ ಅಷ್ಟು ಹಿಂದೆ ಮುಂದೆ ಮಾಡಿಕೊಂಡು ಹೋಗಬಹುದು. ಹತ್ತು ಹದಿನೈದು ಬಂದರೆ ಹಾಗೆ ಸರಿದೂಗಿಸಲು ಹೋಗಬೇಡಿ. ಇವತ್ತು ಹದಿನೈದು ತಪ್ಪುವ ಸೆನ್ಸರ್ ನಾಳೆಯೂ ಹದಿನೈದೇ ತಪ್ಪುತ್ತದೆ ಅಂತ ಏನು ಭರವಸೆ?

ಎಲ್ಲದಕ್ಕೂ ಸೆನ್ಸರನ್ನೇ ಬೈಯುವುದೂ ಸರಿಯಲ್ಲ. ಡಿಸ್‌ಪ್ಲೇಯೂ 65, ಥರ್ಮಾಮೀಟರೂ 65, ಸೆಟ್ಟಿಂಗ್ 48 ಅಂತಿದ್ದರೆ ಸೆನ್ಸರ್ ನಿಜ ಹೇಳ್ತಾ ಇದೆ. ಆಫ್ ಆಗು ಅಂದರೂ ಕೇಳದೆ ಹೀಟರ್ ಉರೀತಿದೆ. ಕಾಂಟ್ಯಾಕ್ಟರಿನ ಕಾಂಟ್ಯಾಕ್ಟ್ ಕಚ್ಚಿಕೊಂಡಿರ್ತದೆ, ಅಥವಾ ಎಸ್‌ಎಸ್‌ಆರ್ ಸುಟ್ಟು ಒಳಗೇ ಜೋಡಿಕೊಂಡಿರ್ತದೆ. ಇನ್ನು ಅಂಕಿ ಮೇಲೇರುವುದೇ ಇಲ್ಲ ಅನ್ನುವ ದೂರಿಗೆ ನಮ್ಮೂರಲ್ಲಿ ಅರ್ಧಕ್ಕರ್ಧ ಕಾರಣ ವೋಲ್ಟೇಜು. ಲೈನಿನ ತುದಿಯ ಮನೆಗಳಿಗೆ ಸಂಜೆ 170 ಬಂದರೆ ಹೆಚ್ಚು. 230ಕ್ಕೆ 3 ಕಿಲೋವ್ಯಾಟ್ ಕೊಡುವ ಹೀಟರ್ 170ರಲ್ಲಿ ಕೊಡೋದು ಸುಮಾರು 1.6. ಬಿಸಿ ಅರ್ಧಕ್ಕೆ ಇಳಿದ ಹಾಗೇ. ಕೆಳಗಿನಕೇರಿ ಅತ್ತಿಗೆಯ ಮನೆಯಲ್ಲಿ ಇದಕ್ಕಾಗಿ ಸೆನ್ಸರೂ ಬದಲಾಯ್ತು, ಬೋರ್ಡೂ ಬದಲಾಯ್ತು. ಮೀಟರ್ ಇಟ್ಟು ನೋಡಿದವರು ಒಬ್ಬರೂ ಇಲ್ಲ.

ಹಿರಿಯರು ಹೇಳ್ತಾರೆ, ನಮ್ಮ ಕಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಹರವಿದರೆ ಹೊಗೆಯಲ್ಲೇ ಒಣಗುತ್ತಿತ್ತು, ಭಟ್ಟಿ ಇತ್ತು, ಯಾವ ಸೆನ್ಸರು ಬೇಕಿತ್ತು ಅಂತ. ಆ ಮಾತಿಗೆ ಗೌರವ ಇದೆ. ಕೈ ಇಟ್ಟು ಹದ ಹೇಳುವವರನ್ನು ನಾನೂ ನೋಡಿದ್ದೇನೆ. ಆದರೆ ಆ ಕೈಗೂ 48 ಯಾವುದು 55 ಯಾವುದು ಹೇಳಲಿಕ್ಕೆ ಬರುತ್ತಿರಲಿಲ್ಲ, ಹೊಗೆ ವಾಸನೆಯ ಯಾಲಕ್ಕಿಯನ್ನು ಇವತ್ತಿನ ವ್ಯಾಪಾರಿ ಮುಟ್ಟುವುದೂ ಇಲ್ಲ. ಜಾಯಿಕಾಯಿಯಂತೂ 45 ದಾಟಿದರೆ ಒಳಗಿನ ಕೊಬ್ಬು ಕರಗಲಿಕ್ಕೆ ಶುರು. ಭಟ್ಟಿಯಲ್ಲಿ ಆ ಗೆರೆ ಹಿಡಿದು ನಿಲ್ಲಿಸೋದು ಎಲ್ಲರ ಕೈಲೂ ಆಗುವ ಕೆಲಸ ಅಲ್ಲ. ಡ್ರೈಯರ್ ಬೇಕು. ಬೇಕಾದದ್ದನ್ನು ತರುವಾಗ ಕೇಳಿ ತರಬೇಕು ಅನ್ನೋದಷ್ಟೇ ನನ್ನ ಮಾತು.

ಈಗ ಸಂಘದ ವಿಷಯಕ್ಕೆ ಬರ್ತೇನೆ, ಇದನ್ನು ಬರೆಯಲು ಕೂತದ್ದೇ ಅದಕ್ಕೆ. ಹನ್ನೊಂದು ಮನೆಯವರು ಸೇರಿ ತರುವ ಮಷೀನು. ಒಂದು ಒಡ್ಡಿನಲ್ಲಿ ಮೂರ್ನಾಲ್ಕು ಮನೆಯ ಮಾಲು ಒಟ್ಟಿಗೆ ಇರ್ತದೆ. ನಮ್ಮ ಮನೆಯ ಡ್ರೈಯರಿನಲ್ಲಿ ನಮ್ಮದೇ ಸುಟ್ಟರೆ ನಾವೇ ಬೈದುಕೊಂಡು ಸುಮ್ಮನಾಗ್ತೇವೆ. ಇಲ್ಲಿ ಸುಟ್ಟರೆ ಯಾರ ಮೇಲೆ ಹಾಕೋದು? ಆ ರಾತ್ರಿ ನೋಡಿಕೊಂಡ ಹುಡುಗನ ಮೇಲೆ ಹಾಕ್ತೇವೆ. ಅವನು ರಾತ್ರಿಯಿಡೀ ಡಿಸ್‌ಪ್ಲೇಯಲ್ಲಿ 48 ನೋಡಿದ್ದಾನೆ, ಸೆನ್ಸರ್ ಸುಳ್ಳು ಹೇಳಿದ್ದು ಅವನಿಗೆ ಹೇಗೆ ಗೊತ್ತಾಗಬೇಕು? ಹನ್ನೊಂದು ಮನೆಯ ನಡುವೆ ಮಾತು ನಿಲ್ಲಲಿಕ್ಕೆ ಒಂದು ಒಡ್ಡು ಜಾಪತ್ರೆ ಸಾಕು.

ಹಾಗಾಗಿ ಮುಂಗಡ ಕೊಡುವ ಮೊದಲು ಮಾರುವವರ ಹತ್ತಿರ ಬರವಣಿಗೆಯಲ್ಲಿ ಕೇಳಬೇಕಾದ್ದು ಇವು ಅಂತ ನನ್ನ ಅಭಿಪ್ರಾಯ. ಸೆನ್ಸರ್ ಯಾವ ಜಾತಿ, ತಂತಿ ಎಷ್ಟು ಉದ್ದ ಅನ್ನೋದನ್ನು ಮಷೀನಿನ ತಗಡಿನ ಮೇಲೆಯೇ ಬರೆದಿರಬೇಕು, ಪುಸ್ತಕದಲ್ಲಿ ಅಲ್ಲ, ಪುಸ್ತಕ ಗೆದ್ದಲಿಗೆ ಹೋಗ್ತದೆ. ಅದೇ ಜಾತಿಯ ಒಂದು ಹೆಚ್ಚಿನ ಸೆನ್ಸರ್ ಜೊತೆಯಲ್ಲೇ ಕೊಡಬೇಕು. ಥರ್ಮಾಮೀಟರ್ ತೂರಿಸಿ ನೋಡಲು ಬಾಗಿಲ ಪಕ್ಕ ಬಿರಟೆ ಇರುವ ಒಂದು ತೂತು ಬೇಕು. ಎಲ್ಲಕ್ಕಿಂತ ಮುಖ್ಯ, ಬೋರ್ಡಿಗೂ ಸೆನ್ಸರಿಗೂ ಸಂಬಂಧವೇ ಇಲ್ಲದ, ಬೇರೆಯದೇ ಆದ ಒಂದು ಸುರಕ್ಷತೆಯ ಥರ್ಮೋಸ್ಟಾಟ್ ಬೇಕು. 75 ದಾಟಿದರೆ ಹೀಟರಿನ ಕಾಂಟ್ಯಾಕ್ಟರನ್ನು ತಾನೇ ಬೀಳಿಸಬೇಕು, ಕೈಯಿಂದ ಒತ್ತದೆ ಮತ್ತೆ ಶುರುವಾಗಬಾರದು. ಕಾಂಟ್ಯಾಕ್ಟರೇ ಕಚ್ಚಿಕೊಂಡರೆ ಏನು ಗತಿ ಅಂತ ಕೇಳುವವರು ಸರಿಯಾಗಿಯೇ ಕೇಳ್ತಾರೆ. ಅದಕ್ಕೆ ಈ ಥರ್ಮೋಸ್ಟಾಟ್ ಬೀಳಿಸುವ ಕಾಂಟ್ಯಾಕ್ಟರ್ ಬೇರೆಯೇ ಇರಬೇಕು, ದಿನದ ಕೆಲಸಕ್ಕೆ ಇರೋದು ಬೇರೆ.

ಇದೆಲ್ಲ ಸಬ್ಸಿಡಿ ಮಾಡೆಲ್ಲು, ಕಂಪನಿ ಕೊಟ್ಟ ಹಾಗೇ ತಗೊಳ್ಳಬೇಕು, ಬದಲಾವಣೆ ಕೇಳುವ ಹಾಗಿಲ್ಲ ಅಂತ ಕಳೆದ ಸಭೆಯಲ್ಲಿ ಒಬ್ಬರು ಅಂದರು. ಹೆಚ್ಚಿನ ಸೆನ್ಸರ್ ಒಂದನ್ನು ಡಬ್ಬದಲ್ಲಿಟ್ಟು ಕೊಡಲಿಕ್ಕೆ ಮಾಡೆಲ್ ಬದಲಾಗಬೇಕಾ? ಸುರಕ್ಷತೆಯ ಥರ್ಮೋಸ್ಟಾಟನ್ನು ಕಂಪನಿಯವರು ಕೂರಿಸಿ ಕೊಡದಿದ್ದರೆ ಮಷೀನು ಬಂದ ಮೇಲೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಹಾಕಿಸೋಣ, ಹನ್ನೊಂದರಿಂದ ಭಾಗಿಸಿದರೆ ಒಬ್ಬೊಬ್ಬರಿಗೆ ಬೀಳೋದು ಒಂದು ಕೊನೆ ಬಾಳೆಯ ದುಡ್ಡು. ಹಾಗೆ ಹಾಕಿಸಿದರೆ ವಾರಂಟಿ ಹೋಗ್ತದಾ ಅನ್ನೋದನ್ನೂ ಮುಂಗಡಕ್ಕೆ ಮೊದಲೇ ಬರೆಸಿಕೊಳ್ಳಬೇಕು.

ಭಾನುವಾರದ ಸಭೆಗೆ ನಾನು ಮಲ್ಟಿಮೀಟರ್, ಥರ್ಮಾಮೀಟರ್, ಭಾವನ ಮನೆಯ ಆ ಗಂಟು ಹಾಕಿದ ಸೆನ್ಸರ್ ಮೂರನ್ನೂ ತರ್ತೇನೆ. ಮನೆಯಲ್ಲಿ ಡ್ರೈಯರ್ ಇದ್ದವರು ನಿಮ್ಮ ಸೆನ್ಸರ್ ಬಿಚ್ಚಿ ತನ್ನಿ, ಜಾತಿ ಯಾವುದು ಅಂತ ನೋಡಿ ಚೀಟಿ ಕಟ್ಟಿ ಕೊಡ್ತೇನೆ. ಬಿಚ್ಚುವ ಮೊದಲು ಯಾವ ತಂತಿ ಯಾವ ಸ್ಕ್ರೂನಲ್ಲಿತ್ತು ಅಂತ ಮೊಬೈಲಿನಲ್ಲಿ ಒಂದು ಫೋಟೋ ತೆಕ್ಕೊಳ್ಳಿ. ಮಂಜುಗಡ್ಡೆ ಮಾತ್ರ ಪೇಟೆ ಕಡೆಯಿಂದ ಬರುವವರು ಯಾರಾದರೂ ತರಬೇಕು, ನಮ್ಮ ಮನೆಯ ಫ್ರಿಜ್ಜು ಈ ವೋಲ್ಟೇಜಿಗೆ ನೀರನ್ನು ತಂಪು ಮಾಡಿದರೇ ಪುಣ್ಯ.